ಸಹಿ ಹಾಕದ ತಂದೆ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಊರು ಮತ್ತು ಮನೆಯ ವಿವರಗಳನ್ನು ಬದಲಿಸಿದೆ.)

ಹೊಸನಗರ ಕಡೆಯ ಕುಟುಂಬ. ತಂದೆ ಪ್ರೊಟೆಸ್ಟೆಂಟ್ ಸಭೆಯೊಂದರ ಹಿರಿಯರು. ಇರುವುದು ಒಂದೂವರೆ ಎಕರೆ ಅಡಿಕೆ ತೋಟ, ಅದಕ್ಕೂ ಎಲೆಚುಕ್ಕೆ ರೋಗ ಬಡಿದು ಎರಡು ವರ್ಷದಿಂದ ಫಸಲಿಲ್ಲ. ಮಗನಿಗೆ ಹದಿನೇಳೂವರೆ ತುಂಬಿದೆ. ಸೈನ್ಯದ ಅಗ್ನಿಪಥ ಯೋಜನೆಯಲ್ಲಿ ಅಗ್ನಿವೀರನಾಗಬೇಕೆಂದು ಬೆಳಗಿನ ಜಾವ ಎದ್ದು ಓಡುತ್ತಾನೆ. 18 ತುಂಬದವರ ಸೇರ್ಪಡೆ ಫಾರಂಗೆ ಹೆತ್ತವರ ಅಥವಾ ಪೋಷಕರ ಸಹಿ ಬೇಕು. ತಂದೆ ಹಾಕುವುದಿಲ್ಲ ಎಂದರು. "ಕತ್ತಿ ಹಿಡಿದವರು ಕತ್ತಿಯಿಂದಲೇ ಸಾಯ್ತಾರೆ ಅಂತ ಕರ್ತ ಯೇಸುವೇ ಹೇಳಿದ ಮೇಲೆ ನಾನು ಹ್ಯಾಗೆ ಹಾಕಲಿ?"

ಸೋದರಮಾವ ಸತ್ಯವೇದದಲ್ಲಿ ಇನ್ನೊಂದು ಪುಟ ತೆರೆದರು: ರೋಮಾಪುರದವರಿಗೆ ಬರೆದ ಪತ್ರ, 13ನೇ ಅಧ್ಯಾಯ. ಅಧಿಕಾರಿ ಸುಮ್ಮನೆ ಕತ್ತಿ ಹಿಡಿದಿಲ್ಲ, ದೇಶದ ಯುದ್ಧವನ್ನು ಬೆಂಬಲಿಸದವನು ವಿಶ್ವಾಸಿಯೇ ಅಲ್ಲ ಎಂದು ವಾದ. ಸಾಲದ್ದಕ್ಕೆ, ಗುಟ್ಟಾಗಿ ನೀನೇ ಸಹಿ ಹಾಕು ಎಂದು ತಂಗಿಯ ಬೆನ್ನು ಹತ್ತಿದರು. ಹುಡುಗ ಮೂರು ವಾರದಿಂದ ಮನೆಯ ಪ್ರಾರ್ಥನೆಗೆ ಕೂತಿಲ್ಲ, ರಾತ್ರಿ ಊಟ ಬಿಟ್ಟಿದ್ದಾನೆ. ಕರೆತಂದದ್ದು ತಾಯಿ.

ಮೊದಲ ದಿನ ತಂದೆ, ತಾಯಿ, ಮಗ ಮೂವರನ್ನೂ ಬೇರೆ ಬೇರೆಯಾಗಿ ಕೂರಿಸಿ ಮಾತಾಡಿಸಲಾಯಿತು. ಊಟ ಬಿಟ್ಟ ಹುಡುಗನನ್ನು, ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಬೇಕು. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎನ್ನುವುದು ತಪ್ಪು ತಿಳಿವಳಿಕೆ. ಇವನು ಇಲ್ಲ ಎಂದ. ಆದರೂ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ತಾಯಿ-ಮಗ ಇಬ್ಬರ ಮೊಬೈಲಿನಲ್ಲೂ ಉಳಿಸಿದ ಮೇಲೆಯೇ ಮಾತು ಮುಂದುವರಿಯಿತು.

ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ಮೂರು ಪ್ರಶ್ನೆಗಳು ಗಂಟುಬಿದ್ದಿರುತ್ತವೆ. ಕ್ರೈಸ್ತನೊಬ್ಬ ಸೈನಿಕನಾಗಬಹುದೇ? ತನ್ನ ದೇಶ ಮಾಡುವ ಪ್ರತಿ ಯುದ್ಧವನ್ನೂ ಅವನು ಬೆಂಬಲಿಸಬೇಕೇ? ಶತ್ರು ಸತ್ತಾಗ ಹಿಗ್ಗಬಹುದೇ? ತಂದೆ ಮೂರನೆಯದಕ್ಕೆ 'ಇಲ್ಲ' ಎನ್ನುವ ಭರದಲ್ಲಿ ಮೊದಲನೆಯದಕ್ಕೂ ಇಲ್ಲ ಎಂದಿದ್ದರು. ಮಾವ ಮೊದಲನೆಯದಕ್ಕೆ 'ಹೌದು' ಎನ್ನುತ್ತ ಎರಡನೆಯದನ್ನೂ ಅದರ ಜೊತೆ ನುಂಗಿದ್ದರು. ಮೂರನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆಸಿದಾಗ ತಂದೆ ಬಹಳ ಹೊತ್ತು ಮೊದಲ ಹಾಳೆಯನ್ನೇ ನೋಡುತ್ತ ಕೂತರು.

ದೈವಶಾಸ್ತ್ರದ ತೀರ್ಪು ಕೊಡುವುದು ಆಪ್ತಸಲಹೆಯ ಕೆಲಸವಲ್ಲ, ಅದಕ್ಕೆ ಸಭಾಪಾಲಕರಿದ್ದಾರೆ. ಆದರೆ ಅರ್ಧ ಇತಿಹಾಸ ಹಿಡಿದು ಜಗಳವಾಡುವವರ ಮುಂದೆ ಉಳಿದರ್ಧವನ್ನು ಇಡದೆ ಕೆಲಸ ಸಾಗುವುದಿಲ್ಲ. ಶಿಷ್ಯ ಪೇತ್ರನ ಕೈಯ ಕತ್ತಿ ಇಳಿಸಿದಾಗಲೇ ಕರ್ತನು ಪ್ರತಿ ಸೈನಿಕನ ಕತ್ತಿಯನ್ನೂ ಇಳಿಸಿದ ಎಂದು ಆದಿಸಭೆಯ ಲೇಖಕ ತೆರ್ತುಲ್ಲಿಯನ್ ಬರೆದದ್ದು ನಿಜ. ಆದರೆ ಲೂಕ 3:14ರಲ್ಲಿ ಸೈನಿಕರೇ ಬಂದು ನಾವೇನು ಮಾಡಬೇಕೆಂದು ಕೇಳಿದಾಗ, ಸ್ನಾನಿಕ ಯೋಹಾನ ಸೈನ್ಯ ಬಿಡಿ ಎನ್ನಲಿಲ್ಲ. ಯಾರನ್ನೂ ಬೆದರಿಸಿ ದೋಚಬೇಡಿ, ನಿಮ್ಮ ಸಂಬಳದಲ್ಲಿ ತೃಪ್ತರಾಗಿರಿ ಎಂದ. ರೋಮನ್ ಸೇನೆಯ ಶತಾಧಿಪತಿ ಕೊರ್ನೇಲ್ಯನಿಗೆ ಪೇತ್ರ ದೀಕ್ಷಾಸ್ನಾನ ಮಾಡಿಸಿದ. ಅವನು ಸೈನ್ಯದಲ್ಲೇ ಉಳಿದನೋ ಬಿಟ್ಟನೋ ಎಂದು ಅಪೊಸ್ತಲರ ಕೃತ್ಯಗಳು ಹೇಳುವುದಿಲ್ಲ. 1527ರಲ್ಲಿ ಅನಾಬ್ಯಾಪ್ಟಿಸ್ಟರೆಂಬ ಸುಧಾರಣಾ ಪಂಗಡದವರು ಕತ್ತಿಯನ್ನು ಪೂರ್ತಿ ನಿರಾಕರಿಸಿದರು, ಅವರ ಸಂತತಿಯಾದ ಮೆನ್ನೊನೈಟರು ಇಂದಿಗೂ ಹಾಗೇ ಇದ್ದಾರೆ. 1530ರ ಆಗ್ಸ್‌ಬರ್ಗ್ ವಿಶ್ವಾಸ ಪ್ರಕಟಣೆಯಲ್ಲಿ ಲೂಥರನ್ನರು ನ್ಯಾಯದ ಯುದ್ಧದಲ್ಲಿ ಕ್ರೈಸ್ತನು ಸೈನಿಕನಾಗಬಹುದು ಎಂದರು.

ಅಲ್ಲಿ 'ನ್ಯಾಯದ' ಎಂಬ ಮಾತನ್ನು ಮಾವ ಹಾರಿಸಿಬಿಟ್ಟಿದ್ದರು. ಆದಿಸಭೆಯ ಅಗಸ್ಟೀನನ ದಾರಿಯಲ್ಲಿ ಬಂದ 13ನೇ ಶತಮಾನದ ದೈವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಮೂರು ಷರತ್ತು ಇಟ್ಟ: ಯುದ್ಧ ಸಾರುವ ಹಕ್ಕಿರುವ ಅಧಿಕಾರ, ನ್ಯಾಯವಾದ ಕಾರಣ, ಸರಿಯಾದ ಉದ್ದೇಶ. 1992ರ ಕಥೋಲಿಕ ಧರ್ಮೋಪದೇಶ ಇನ್ನೂ ಬಿಗಿ: ಆದ ಹಾನಿ ಗಂಭೀರವೂ ಶಾಶ್ವತವೂ ನಿಶ್ಚಿತವೂ ಆಗಿರಬೇಕು, ಬೇರೆ ದಾರಿಗಳೆಲ್ಲ ಮುಚ್ಚಿರಬೇಕು, ಗೆಲ್ಲುವ ಭರವಸೆ ಇರಬೇಕು, ನಿವಾರಿಸಹೊರಟ ಕೇಡಿಗಿಂತ ದೊಡ್ಡ ಕೇಡು ಆಗಕೂಡದು. ದೇಶ ಕರೆದರೆ ಬೆಂಬಲಿಸಿಬಿಡು, ಅದೇ ವಿಶ್ವಾಸ ಎನ್ನುವ ಮಾತು ಈ ಯಾವ ದಾರಿಯಲ್ಲೂ ಇಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೈನಿಕರ ಬೆಲ್ಟಿನ ಬಕಲ್ ಮೇಲೆ 'ದೇವರು ನಮ್ಮೊಂದಿಗೆ' ಎಂದು ಅಚ್ಚಾಗಿತ್ತು; ಎದುರಿನವರೂ ಅದೇ ದೇವರಿಗೇ ಪ್ರಾರ್ಥಿಸುತ್ತಿದ್ದರು. ಅದೇ ಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟಿತು, ಆಮೇಲೆ ದೇಶದಿಂದಲೇ ಕಳಿಸಿತು. ಮೋಗ್ಲಿಂಗ್, ಕಿಟೆಲ್‌ರನ್ನು ಕನ್ನಡಕ್ಕೆ ಕೊಟ್ಟ ಮಿಷನ್ ಅದು. ಹಿಡಿದವರೂ ಹಿಡಿಸಿಕೊಂಡವರೂ ಕ್ರೈಸ್ತರೇ.

ಎರಡನೇ ಭೇಟಿಯಲ್ಲಿ ತಂದೆಯ ಮನಸ್ಸಿನ ತಳ ಸಿಕ್ಕಿತು. ವಚನಕ್ಕಿಂತ ಅವರನ್ನು ಕಾಡುತ್ತಿದ್ದದ್ದು ತಮ್ಮ ಕೈಬರಹ. "ಅವನು ಒಬ್ಬನನ್ನು ಕೊಂದರೆ ಆ ಕಾಗದದಲ್ಲಿ ನನ್ನ ಹೆಸರಿರತ್ತೆ." ಈ ಮಾತನ್ನು ಯಾರೂ ತಿದ್ದಲು ಹೋಗಬಾರದು. ಅದು ಅವರ ಮನಸ್ಸಾಕ್ಷಿ, ಅದಕ್ಕೆ ಜಾಗ ಬೇಕು.

ಹಾಗಾಗಿ ಕೊಟ್ಟ ಮೊದಲ ಸಲಹೆ ದಿನಾಂಕದ್ದು. 2022ರಲ್ಲಿ ಅಗ್ನಿಪಥ ಯೋಜನೆ ಬಂದಾಗ ಗೊತ್ತುಮಾಡಿದ ವಯೋಮಿತಿ 17½ರಿಂದ 21. ಐದು ತಿಂಗಳು ಕಾದರೆ ಹುಡುಗ ತಾನೇ ಸಹಿ ಹಾಕಬಹುದು, ತಪ್ಪಿಹೋಗುವುದು ಹೆಚ್ಚೆಂದರೆ ಒಂದು ಭರ್ತಿ. ತಾಯಿ ಗುಟ್ಟಾಗಿ ಸಹಿ ಹಾಕಿದರೆ ಫಾರಂ ಒಪ್ಪಿತವಾದೀತು, ಮನೆ ಒಡೆಯುತ್ತದೆ. ತಂದೆಗೆ ಹೇಳಿದ್ದು: ನಿಮ್ಮ ಸಹಿಯನ್ನು ನೀವು ತಡೆಹಿಡಿಯಬಹುದು, ಮಗನ ಸಹಿಯನ್ನಲ್ಲ. ಇಲ್ಲಿ 295ರ ಒಂದು ಘಟನೆ ಉಪಯೋಗಕ್ಕೆ ಬಂತು. ಉತ್ತರ ಆಫ್ರಿಕಾದ ತೆಬೆಸ್ಸಾದಲ್ಲಿ ಮಾಕ್ಸಿಮಿಲಿಯನ್ ಎಂಬ 21ರ ಯುವಕ, ನಾನು ಕ್ರೈಸ್ತ, ಸೈನಿಕನಾಗಲಾರೆ ಎಂದ. ಮಗನಿಗೆ ಬುದ್ಧಿ ಹೇಳು ಎಂದು ಅಧಿಕಾರಿ ತಂದೆಯನ್ನು ಕೇಳಿದಾಗ, ತನಗೆ ಯಾವುದು ಒಳಿತೆಂದು ಅವನಿಗೇ ಗೊತ್ತು ಎಂದನಂತೆ ಆ ತಂದೆ. ಯುವಕನ ತಲೆ ತೆಗೆದರು. ಇವರ ಮನೆಯಲ್ಲಿ ಎಲ್ಲ ತಿರುಗುಮುರುಗು, ಆದರೆ ತಂದೆಯ ಪಾಲಿನ ಕಷ್ಟ ಒಂದೇ.

ಹುಡುಗನ ಜೊತೆ ಲೆಕ್ಕದ ಮಾತು. ನಾಲ್ಕು ವರ್ಷ ಸೇವೆ, ಮೊದಲ ವರ್ಷ ತಿಂಗಳಿಗೆ 30,000ದಲ್ಲಿ ಕೈಗೆ 21,000, ಕೊನೆಗೆ ಸೇವಾನಿಧಿ ಎಂಬ ಇಡಿಗಂಟು ಸುಮಾರು 11.71 ಲಕ್ಷ, ಮುಂದುವರಿಯುವ ಅವಕಾಶ ಹೆಚ್ಚೆಂದರೆ ಶೇ 25 ಮಂದಿಗೆ. ತೋಟದ ಸಾಲ ತೀರಿಸಲು ಹೋಗುತ್ತಿದ್ದೇನೋ, ಸೈನಿಕನಾಗಬೇಕೆಂದೋ? ಎರಡೂ ಎಂದ. ಒಮ್ಮೆ ಸೇರಿದ ಮೇಲೆ ಅಸಾಧಾರಣ ಕಾರಣವಿಲ್ಲದೆ ಅವಧಿಗೆ ಮುಂಚೆ ಬಿಡುವಂತಿಲ್ಲ. ಆದ್ದರಿಂದ ಮನಸ್ಸಾಕ್ಷಿಯ ಪ್ರಶ್ನೆ ಹೊರಗಿದ್ದಾಗಲೇ ಮುಗಿಯಬೇಕು. ಯುದ್ಧದಲ್ಲೂ ಎಲ್ಲ ಆದೇಶ ಆದೇಶವಲ್ಲ: 1950ರ ಸೇನಾ ಕಾಯ್ದೆ ಅವಿಧೇಯತೆಗೆ ಶಿಕ್ಷಿಸುವುದು ಕಾನೂನುಬದ್ಧ ಆದೇಶವನ್ನು ಮೀರಿದಾಗ. ಶರಣಾದವನನ್ನು, ಗಾಯಾಳುವನ್ನು ಕೊಲ್ಲುವುದನ್ನು 1949ರ ಜಿನೀವಾ ಒಪ್ಪಂದಗಳು ನಿಷೇಧಿಸುತ್ತವೆ. ಇದು ಅವನಿಗೆ ಹೊಸದು, ಎರಡು ಸಲ ಕೇಳಿ ಬರೆದುಕೊಂಡ.

ಸೈನ್ಯದಲ್ಲೇ ನರ್ಸಿಂಗ್ ಅಸಿಸ್ಟೆಂಟ್ ಕೆಲಸವಾದರೆ ರಾಜಿ ಆದೀತೇ ಎಂದು ತಾಯಿ ಕೇಳಿದರು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕು, ಇವನದು ಕಾಮರ್ಸ್. ಅಲ್ಲೂ ತರಬೇತಿಯಲ್ಲಿ ರೈಫಲ್ ಹಿಡಿಯಲೇಬೇಕು. ಅದನ್ನು ಮುಚ್ಚಿಟ್ಟು ತಂದೆಯನ್ನು ಒಪ್ಪಿಸುವುದು ಮೋಸ ಎಂದು ಸ್ಪಷ್ಟವಾಗಿ ಹೇಳಲಾಯಿತು.

ಮನೆಗೆ ಕೊಟ್ಟ ಕೆಲಸ ಚಿಕ್ಕದು. ಒಬ್ಬರ ಮೇಲೊಬ್ಬರು ವಚನ ಎಸೆಯುವುದು ನಾಲ್ಕು ವಾರ ಬಂದ್. ರಾತ್ರಿ ಪ್ರಾರ್ಥನೆ ಹತ್ತೇ ನಿಮಿಷ. ಒಂದು ದಿನ ತಂದೆ, ಒಂದು ದಿನ ಮಗ. ಯುದ್ಧದ ಸುದ್ದಿ ಬಂದ ದಿನ ಎರಡೂ ಕಡೆ ಸತ್ತವರಿಗಾಗಿ, ಅವರ ಹೆತ್ತವರಿಗಾಗಿ ಪ್ರಾರ್ಥನೆ. ಹುಡುಗ ಊಟಕ್ಕೆ ಕೂರಬೇಕು, ವಾದ ಇದ್ದರೂ.

ಐದನೇ ವಾರದ ಹೊತ್ತಿಗೆ ಊಟ ಸರಿಯಾಗಿತ್ತು. ಭರ್ತಿಯ ದೈಹಿಕ ಪರೀಕ್ಷೆಯಲ್ಲಿ 1.6 ಕಿ.ಮೀ.ಯನ್ನು 5 ನಿಮಿಷ 30 ಸೆಕೆಂಡಿನೊಳಗೆ ಓಡಿದರೆ ಪೂರ್ಣ 60 ಅಂಕ. ಇವನದು 5 ನಿಮಿಷ 48ಕ್ಕೆ ನಿಂತಿದೆ. ಈಗ ಮೊಬೈಲಿನ ಸ್ಟಾಪ್‌ವಾಚ್ ಒತ್ತುವುದು ತಂದೆ. ಸಹಿ ಇನ್ನೂ ಹಾಕಿಲ್ಲ, ಹಾಕುವುದೂ ಇಲ್ಲ. ಮಾವ ಎರಡು ಸಲ ಕರೆದರೂ ಭೇಟಿಗೆ ಬಂದಿಲ್ಲ. ಹುಡುಗನಿಗೆ 18 ತುಂಬುವ ವಾರಕ್ಕೆ ಇನ್ನೊಂದು ಭೇಟಿ ಗೊತ್ತುಮಾಡಿದೆ. ಅಂದು ಸಭಾಪಾಲಕರೂ ಬರಲಿ ಎಂದು ಕೇಳಿದ್ದು ಹುಡುಗನೇ.