ಆಯಿ ಬಾಯೇ ಬಿಡ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಮ್ಮದು ಚಿತ್ತಾಪುರ ತಾಲೂಕಿನ ಹಳ್ಳಿ, ನಾನು ಕಲಬುರಗಿಯಲ್ಲಿ ಕೆಲಸದಲ್ಲಿದ್ದೇನೆ. ಊರಿನ ಹಿರಿಯರ ನೆನಪುಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡೋಣ ಅಂತ ನಮ್ಮ ಆಯಿಯಿಂದಲೇ ಶುರು ಮಾಡಿದೆ. "ಆಗಿನ ಕಾಲ ಹೆಂಗಿತ್ತು" ಅಂದರೆ "ಭಾಳ ಛಲೋ ಇತ್ತಪ್ಪ, ಈಗೇನದ" ಅಂತಾಳೆ, ಅಲ್ಲಿಗೆ ಮುಗೀತು. ಇಸವಿ ಕೇಳಿದರಂತೂ ಸುಮ್ಮನೆ ಮುಖ ನೋಡ್ತಾಳೆ.

ಉತ್ತರ: ತಪ್ಪು ಆಯಿಯದಲ್ಲ, ಪ್ರಶ್ನೆಯದು. ಕಾಲವನ್ನು ಕೇಳಬೇಡಿ, ಕೆಲಸ ಕೇಳಿ. ನಾನೊಮ್ಮೆ ಒಬ್ಬ ಹಿರಿಯರಿಗೆ "ಜೋಳ ಎಲ್ಲಿ ಇಡ್ತಿದ್ರಿ" ಅಂತ ಇಷ್ಟೇ ಕೇಳಿದ್ದು, ಮುಕ್ಕಾಲು ಗಂಟೆ ಹಗೇವಿನ ಬಗ್ಗೆಯೇ ಹೇಳಿದರು. ನೆಲದಲ್ಲಿ ಆಳಕ್ಕೆ ತೋಡಿದ ಗುಂಡಿ, ಒಳಗೆ ಸುತ್ತಲೂ ಹುಲ್ಲು, ಬಾಯಿಗೆ ಕಲ್ಲು, ಮೇಲೆ ಮಣ್ಣು. ಬಾಯಿ ತೆಗೆದ ಕೂಡಲೇ ಇಳಿಯುವಂತಿಲ್ಲ, ಒಳಗಿನ ಕೆಟ್ಟ ಗಾಳಿಗೆ ಜೀವವೇ ಹೋಗುತ್ತದೆ, ಅದಕ್ಕೆ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಬಿಡೋದು, ದೀಪ ಆರಿದರೆ ಕಾಯೋದು. ಹಾಗಾದರೆ ಇಳೀತಿದ್ದವರು ಯಾರು ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಜಾತಿ, ಕೂಲಿ, ಗೌಡರ ವಾಡೆ ಎಲ್ಲ ತಾನಾಗಿ ಬಂತು, "ಭಾಳ ಛಲೋ ಇತ್ತು" ಅನ್ನೋ ಮಾತು ಮತ್ತೆ ಬರಲಿಲ್ಲ.

ಇಸವಿ ಬಿಡಿ, ಗುರುತು ಹಿಡಿಯಿರಿ. ನಮ್ಮ ಕಡೆಯವರಿಗೆ ನಿಜಾಮರ ಪರ ನಿಂತ ರಜಾಕಾರರ ಹಾವಳಿ ಗೊತ್ತು, ಭಾರತದ ಸೇನೆ ಬಂದು ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಗೊತ್ತು, ಅದು 1948ರ ಸೆಪ್ಟೆಂಬರ್. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್. ಇನ್ನು 1972ರ ಬರವನ್ನು ಯಾರೂ ಮರೆತಿಲ್ಲ. "ನಿನ್ನ ಮದುವೆ ಬರಕ್ಕಿಂತ ಮುಂಚೆನೋ ಆಮೇಲೋ" ಅಂದರೆ ಆಯಿ ಥಟ್ಟನೆ ಹೇಳ್ತಾಳೆ ನೋಡಿ. ಪೆಟ್ಟಿಗೆಯಲ್ಲಿ ಹಳೆ ಉರ್ದು ಕಾಗದ ಸಿಕ್ಕಿ, ಅದರಲ್ಲಿ 1357 ಅಂತಿದ್ದರೆ ಗಾಬರಿ ಬೇಡ, ಅದು ಬಹುಶಃ ಫಸಲಿ ವರ್ಷ, ನಿಜಾಮರ ಸರ್ಕಾರದ ಲೆಕ್ಕ. 590 ಕೂಡಿಸಿ, 1947 ಆಯ್ತು. ನಿಜಾಮರ ಕಾಲದಲ್ಲಿ ಆ ವರ್ಷ ಅಕ್ಟೋಬರಿಗೆ ಶುರುವಾಗುತ್ತಿದ್ದರಿಂದ 1948 ಕೂಡ ಇರಬಹುದು.

ಆ 1948ರ ವಿಷಯ ಬಂದಾಗ ಮಾತ್ರ ಜೋಪಾನ. ರಜಾಕಾರರಿಂದ ಸತ್ತವರೂ ಇದ್ದಾರೆ, ಆಕ್ಷನ್ ಆದಮೇಲೆ ಸತ್ತ ಮುಸ್ಲಿಮರೂ ಇದ್ದಾರೆ, ಎರಡೂ ಮನೆಯವರು ಇವತ್ತಿಗೂ ಅದೇ ಓಣಿಯಲ್ಲಿರಬಹುದು. ಹೇಳಿದ್ದನ್ನು ಇಟ್ಟುಕೊಳ್ಳಿ, ಕೇಳದೆ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ.

ರೆಕಾರ್ಡಿಂಗಿಗೆ ಬೇಸಿಗೆ ಬೇಡವೇ ಬೇಡ. ನಮ್ಮ ಸೋದರಮಾವನ ಮಾತು ಏಪ್ರಿಲಿನಲ್ಲಿ ಹಿಡಿದಿದ್ದೆ, ಈಗ ಕೇಳಿದರೆ ಎರಡು ತಾಸು ಬರೀ ಫ್ಯಾನಿನ ಸದ್ದು, ನಡುನಡುವೆ ಮಾವನ ಕೆಮ್ಮು. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗ್ತೀರಲ್ವಾ? ಹೊಲಕ್ಕೆ ಚರಗದ ಎಡೆ ಚೆಲ್ಲಿ, ಸಜ್ಜಿ ರೊಟ್ಟಿ ಬಜ್ಜಿ ಉಂಡು, ಆಯಿಯನ್ನು ಅಲ್ಲೇ ಬೇವಿನ ಗಿಡದ ಕೆಳಗೆ ಕೂರಿಸಿ ಮೊಬೈಲ್ ಆನ್ ಮಾಡಿ. ಆ ಹೊಲದಲ್ಲಿ ಮೊದಲು ಏನು ಬಿತ್ತುತ್ತಿದ್ದರು ಅಂತ ಕೇಳಿ ಸಾಕು.