8.86 ಅಡಿ ಎಂದರೆ 8 ಅಡಿ 8 ಇಂಚಲ್ಲ

ಸರ್, ಗುಣಿ ತೋಡಿಸೋದು ಇವತ್ತಿಗೆ ನಿಲ್ಲಿಸಿ. ಅಡಿಕೆಗೆ 2.7 ಮೀಟರ್ ಅಂತರ, ಮೊಬೈಲಲ್ಲಿ 8.86 ಅಡಿ ಬಂತು, 8 ಅಡಿ 8 ಇಂಚಿನ ಕೋಲು ಕಡಿಸಿ ಗೂಟ ಹೊಡೆಸಿದೆ, ಸಾಲಿನ ಕೊನೇಲಿ ಜಾಗ ಉಳೀತು ಅಂದಿದ್ದೀರಿ. ಉಳಿಯದೆ ಇನ್ನೇನು? ಪಾಯಿಂಟ್ ಆದಮೇಲಿನ .86 ಇಂಚಲ್ಲ, ಅಡಿಯ ಭಾಗ. ಅದನ್ನ 12ರಿಂದ ಗುಣಿಸಬೇಕು: 10.3 ಇಂಚು. ನಿಮ್ಮ ಕೋಲು 2.3 ಇಂಚು ಗಿಡ್ಡ. 25 ಅಂತರಕ್ಕೆ ಹತ್ತಿರಹತ್ತಿರ 5 ಅಡಿ. ಉಲ್ಟಾ ಕಡೆಯೂ ಇದೇ ಕಥೆ: 5 ಅಡಿ 10 ಇಂಚನ್ನ 5.10 ಅಂತ ಒತ್ತಿದರೆ 1.55 ಮೀಟರ್ ತೋರಿಸುತ್ತೆ, ನಿಜವಾದದ್ದು 1.78. ನಮ್ಮ ಈ ಕೃಷಿ ಗುಂಪಲ್ಲೇ ಎಷ್ಟು ಸಲ ಬಂತು ಈ ಪ್ರಶ್ನೆ! ಹಳೇ ಪೋಸ್ಟ್ ಯಾರೂ ನೋಡಲ್ಲ.

ಪರಿವರ್ತನೆಯ ಗೋಜೇ ಬೇಡ. 30 ಮೀಟರ್ ಟೇಪು ತಗೊಂಡು ಸೊನ್ನೇನ ಮೊದಲ ಗೂಟಕ್ಕೆ ಹಿಡಿಸಿ, ಟೇಪು ಕದಲಿಸದೆ 2.7, 5.4, 8.1, 10.8, 13.5 ಹೀಗೆ 29.7ರವರೆಗೆ ಗೂಟ ಹೊಡೀರಿ. ಮುಂದಿನ ಸೊನ್ನೆ 29.7ರ ಗೂಟಕ್ಕೆ. ಟೇಪು ಮುಗಿದ 30ಕ್ಕೆ ಹಿಡಿದ್ರೋ, 30 ಸೆಂ.ಮೀ. ಹೋಯ್ತು. ಕೋಲಲ್ಲಿ ಒಂದೊಂದೇ ಅಳೆದರೆ ಅರ್ಧ ಇಂಚಿನ ತಪ್ಪೂ 25 ಸಲ ಕೂಡಿ ಒಂದು ಅಡಿ ದಾಟುತ್ತೆ. ನೈಲಾನ್ ಹಗ್ಗಕ್ಕೆ ಗಂಟು ಹಾಕೋರು ದಯವಿಟ್ಟು ಬಿಡಿ, ಎಳೆದಷ್ಟೂ ಹಿಗ್ಗುತ್ತೆ. ಟೇಪಲ್ಲಿ ಫ್ರೀಮ್ಯಾನ್ಸ್ ಕಂಪನಿಯದು ಸಾಕು. ಹೆಸರಿಲ್ಲದ ಫೈಬರ್ ಟೇಪಾದರೆ ಸ್ಟೀಲ್ ಟೇಪಿನ ಪಕ್ಕ ಹಾಸಿ ನೋಡಿ. ಸೊನ್ನೆ ಕೊಂಡಿಯ ತುದಿಯಲ್ಲಿದೆಯೋ ಒಳಗೆ ಪಟ್ಟಿಯ ಮೇಲಿದೆಯೋ ಅದನ್ನೂ ನೋಡ್ಕೊಳ್ಳಿ. ಇಳಿಜಾರಲ್ಲಿ ನೆಲಕ್ಕೆ ಹಾಸಬೇಡಿ, ಮಟ್ಟವಾಗಿ ಹಿಡೀರಿ. ಉದ್ದಕ್ಕೂ ಅಡ್ಡಕ್ಕೂ 10 ಅಂತರ ಆದಮೇಲೆ ಮೂಲೆಯಿಂದ ಮೂಲೆಗೆ ಅಳೀರಿ: 27ಕ್ಕೆ 27 ಮೀಟರ್ ಚೌಕದ ಕರ್ಣ 38.18 ಬರಬೇಕು. ಬರಲಿಲ್ಲ ಅಂದ್ರೆ ಸಾಲು ಸೊಟ್ಟ.

9 ಅಡಿನೇ ಬೇಕು ಅನ್ನೋರು ಪೂರ್ತಿ ಅಡಿಯಲ್ಲೇ ಇರಿ, ಅದು 2.743 ಮೀಟರ್. ಎಕರೆಗೆ 9 ಅಡಿಯಲ್ಲಿ 538 ಸಸಿ, 2.7 ಮೀಟರಲ್ಲಿ 555. ನರ್ಸರಿಗೆ ಹೇಳೋ ಮುಂಚೆ ಯಾವುದು ಅಂತ ತೀರ್ಮಾನ ಮಾಡಿ. ಕೃಷಿ ಪುಸ್ತಕದಲ್ಲಿರೋ 1371 ಸಸಿ ಹೆಕ್ಟೇರಿಗೆ, ಎಕರೆಗಲ್ಲ. ಇನ್ನೊಂದು, ಗುಂಪಲ್ಲಿ ಒಬ್ಬರು ಗುಂಟೆಯ ಚದರ ಅಡಿಯನ್ನ ಚದರ ಮೀಟರಿಗೆ ತರೋಕೆ ಒಂದೇ ಸಲ 0.3048ರಿಂದ ಗುಣಿಸಿದ್ದಾರೆ. ಎರಡು ಸಲ ಗುಣಿಸಬೇಕು ಸ್ವಾಮಿ. 1089 ಚದರ ಅಡಿ 101.17 ಚದರ ಮೀಟರ್.

ಪೈಪಿನ ಲೆಕ್ಕವೂ ನೋಡಿಕೊಳ್ಳಿ. ಅಂಗಡಿಯವರು 20 ಅಡಿ ಅನ್ನೋ ಪಿವಿಸಿ ಸಾಮಾನ್ಯವಾಗಿ 6 ಮೀಟರ್, ಅಂದರೆ ಸುಮಾರು 19 ಅಡಿ 8 ಇಂಚು. 320 ಅಡಿ ಲೈನಿಗೆ 16 ಪೈಪು ತಂದ್ರೆ 5 ಅಡಿ ಸಾಲಲ್ಲ, ಸಾಕೆಟ್ ಒಳಗೆ ಹೋಗೋದು ಬೇರೆ. 17 ತನ್ನಿ. ಪಿವಿಸಿಯನ್ನ ಜಿಐಗೆ (ಸತು ಲೇಪಿಸಿದ ಕಬ್ಬಿಣದ ಪೈಪಿಗೆ) ಜೋಡಿಸೋರು ಗಮನಿಸಿ: ಪಿವಿಸಿಯ 63 ಎಂ.ಎಂ. ಅನ್ನೋದು ಹೊರವ್ಯಾಸ. 2 ಇಂಚಿನ ಜಿಐ ಹೊರವ್ಯಾಸ 60.3 ಎಂ.ಎಂ. ಪಿವಿಸಿ ಬಿಸಿ ಮಾಡಿ ಜಿಐ ಮೇಲೆ ತುರುಕಿದ ಜಾಯಿಂಟು ಪ್ರೆಶರ್ ಬಂದ ದಿನ ಕಳಚುತ್ತೆ. ಜಿಐ ತುದಿಗೆ ಹೊರಗೆ ಥ್ರೆಡ್ ಇದ್ದರೆ 63 ಎಂ.ಎಂ.×2 ಇಂಚಿನ ಎಫ್‌ಟಿಎ (ಒಳಗೆ ಥ್ರೆಡ್ ಇರೋ ಅಡಾಪ್ಟರ್), ಕಪ್ಲಿಂಗ್ ಇದ್ದರೆ ಎಂಟಿಎ (ಹೊರಗೆ ಥ್ರೆಡ್ ಇರೋದು), ಥ್ರೆಡ್ ಮೇಲೆ ಟೆಫ್ಲಾನ್ ಟೇಪು.