ಎಲ್ಕ್ ಬೇಟೆ: ಟೆಂಟ್ ಬೆನ್ನ ಮೇಲೋ, ಗಾಡಿ ಪಕ್ಕದಲ್ಲೋ?

ಪ್ರಶ್ನೆ: ಸರ್, ನಾನು ಮಡಿಕೇರಿಯವನು, ಈಗ ಡೆನ್ವರ್‌ನಲ್ಲಿದ್ದೇನೆ. ಅಕ್ಟೋಬರಿನಲ್ಲಿ ಗೆಳೆಯನ ಜೊತೆ ಕೊಲರಾಡೊದ ಫ್ಲಾಟ್ ಟಾಪ್ಸ್ ಬೆಟ್ಟಗಳ ಕಡೆ ಮೊದಲ ಸಲ ಎಲ್ಕ್ (ಇಲ್ಲಿನ ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಹೊರಟಿದ್ದೇನೆ. ಟೆಂಟ್ ಹೊತ್ತುಕೊಂಡು ಕಾಡಿನೊಳಗೆ ಹೋಗೋಣ ಅಂತ ಅವನು. ಪಿಕಪ್ ಪಕ್ಕದಲ್ಲೇ ಬಿಡಾರ ಹೂಡೋಣ ಅಂತ ನಾನು. ಯಾವುದು ಸರಿ?

ಉತ್ತರ: ಮೊದಲ ಸಲ ಅಂದಿರಲ್ಲ, ಪಿಕಪ್ ಪಕ್ಕದಲ್ಲೇ ಇರಿ. ನಿಮ್ಮ ಗೆಳೆಯರ ಮಾತು ಸುಳ್ಳಲ್ಲ. ಗುಂಡಿನ ಸದ್ದು ಶುರುವಾದರೆ ಎಲ್ಕ್ ರಸ್ತೆ ಬಿಟ್ಟು ಒಳಗೆ ಸರಿಯುತ್ತವೆ. ಕಾನೂನಿನ ರಕ್ಷಣೆಯಿರುವ ಕಾಡು, ಅಂದರೆ ವಿಲ್ಡರ್ನೆಸ್, ಅದರ ಗಡಿ ದಾಟಿದರೆ ಗಾಡಿ ಹಾಗಿರಲಿ, ಸೈಕಲ್ಲನ್ನೂ ಬಿಡುವುದಿಲ್ಲ. ಜನ ಕಡಿಮೆ, ನಿಜ.

ಆದರೆ ಹೊಡೆದ ಮೇಲಿನ ಲೆಕ್ಕ ಹಾಕಿ ನೋಡಿ. ಬಲಿತ ಗಂಡು ಎಲ್ಕ್ 300 ಕಿಲೋ ತೂಗುತ್ತದೆ. ಮೂಳೆ ಬಿಡಿಸಿದರೂ 90-100 ಕಿಲೋ ಮಾಂಸ. ಒಬ್ಬೊಬ್ಬರು 25 ಕಿಲೋ ಹೊತ್ತರೂ ತಲಾ ಎರಡು ಸುತ್ತು. ಟೆಂಟು, ಮಲಗುವ ಚೀಲ ತರಲು ಇನ್ನೊಂದು. ಅದೂ 10,000 ಅಡಿ ಎತ್ತರದಲ್ಲಿ, ಹಿಮ ಬಿದ್ದಿದ್ದರೆ ಹಿಮದಲ್ಲಿ. ರಸ್ತೆಯಿಂದ ಎಂಟು ಕಿಲೋಮೀಟರ್ ಒಳಗಿದ್ದರೆ ಎರಡು ದಿನ ಅದೇ ಕೆಲಸ.

ಮಾಂಸ ಅಷ್ಟು ಹೊತ್ತು ಕಾಯುತ್ತದಾ? ಎಲ್ಕ್ ಚರ್ಮ ದಪ್ಪ, ಒಳಗಿನ ಬಿಸಿ ಬೇಗ ಆರುವುದಿಲ್ಲ. ಹೊರಗೆ ಚಳಿ ಇದ್ದರೂ ತೊಡೆಯ ಮೂಳೆಗೆ ಅಂಟಿದ ಮಾಂಸ ಹಳಸಿಬಿಡುತ್ತದೆ. ಬಿದ್ದ ಕೂಡಲೇ ಚರ್ಮ ಸುಲಿಯಿರಿ. ತೊಡೆ ಬೇರೆ ಮಾಡಿ, ಗಾಳಿಯಾಡುವ ಬಟ್ಟೆ ಚೀಲದಲ್ಲಿ ಹಾಕಿ, ನೆರಳಿರುವ ಕೊಂಬೆಗೆ ತೂಗುಹಾಕಿ. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಗಂಡೋ ಹೆಣ್ಣೋ ಎಂಬ ಗುರುತು ಮಾಂಸಕ್ಕೆ ಅಂಟಿಕೊಂಡೇ ಇರಬೇಕು, ಅದು ಕೊಲರಾಡೊ ಕಾನೂನು. ಅಷ್ಟು ಕಷ್ಟಪಟ್ಟು ಹೊಡೆದ ಪ್ರಾಣಿಯ ಮಾಂಸ ಕೆಡಿಸುವುದು ನನಗಂತೂ ಸಹಿಸಲಾಗದ ಮಾತು. ಪಿಕಪ್ಪಿನಲ್ಲಿ ಐಸ್ ತುಂಬಿದ ದೊಡ್ಡ ಕೂಲರ್ ಇದ್ದರೆ ಅರ್ಧ ಚಿಂತೆ ಹೋಯಿತು.

ಗಾಡಿ ಪಕ್ಕ ಮಲಗಿದರೆ ಗಾಡಿ ಪಕ್ಕವೇ ಬೇಟೆ ಅಂತಲ್ಲ. ಬೆಳಕು ಹರಿಯುವ ಎರಡು ಗಂಟೆ ಮೊದಲೇ ಹೆಡ್‌ಲ್ಯಾಂಪ್ ಹಾಕಿಕೊಂಡು ಹೊರಡಿ. ಮೂರ್ನಾಲ್ಕು ಕಿಲೋಮೀಟರ್ ನಡೆದು ಹುಲ್ಲುಗಾವಲಿನ ಅಂಚಿಗೆ ಸೇರಿಕೊಳ್ಳಿ. ಸಂಜೆ ವಾಪಸ್ ಬಂದರೆ ಒದ್ದೆ ಸಾಕ್ಸ್ ಒಣಗಿಸಲು ಸೌದೆ ಒಲೆಯಿರುವ ಕ್ಯಾನ್ವಾಸ್ ಟೆಂಟ್. ಅದನ್ನು ಬೆನ್ನ ಮೇಲೆ ಹೊರಲು ಆಗುತ್ತಾ? ಹಿಮ ಜಾಸ್ತಿ ಬಿದ್ದರೆ ಗಾಡಿ ಹೊರಡಿಸಲು ನಾಲ್ಕೂ ಚಕ್ರಕ್ಕೆ ಚೈನ್ ಇಟ್ಟುಕೊಳ್ಳಿ.

ಗೆಳೆಯರ ಚಿಕ್ಕ ಟೆಂಟೂ ಗಾಡಿಯಲ್ಲಿರಲಿ. ಒಳಗೆ ತಾಜಾ ಹೆಜ್ಜೆ, ಹಿಕ್ಕೆ ಕಂಡರೆ ಒಂದು ರಾತ್ರಿ ಅಲ್ಲೇ ತಂಗಿ ಬನ್ನಿ. ಆ ರಾತ್ರಿ ನೀರು ಸೋಸುವ ಫಿಲ್ಟರನ್ನು ಮಲಗುವ ಚೀಲದೊಳಗೇ ಇಟ್ಟುಕೊಳ್ಳಿ. ಒಮ್ಮೆ ಹೆಪ್ಪುಗಟ್ಟಿದರೆ ಅದನ್ನು ನಂಬುವ ಹಾಗಿಲ್ಲ.